ಬಾಗಿಲಣ್ಣ ಐಸಿಗಿಳಿದ ದಿನ

ದೇಶದ ಐಸ್ ಹಾಕಿ ತಂಡದಲ್ಲಿ ಆಡುತ್ತೇನೆ ಎಂದು ಬಾಗಿಲಣ್ಣ ಯಾರಿಗೂ ಹೇಳಿದವನಲ್ಲ. ತಂಡದಲ್ಲಿದ್ದೇನೆ ಎನ್ನುತ್ತಿದ್ದ. ಇದ್ದದ್ದು ನಿಜ. ತಂಡದ ಜೊತೆ ವಿಮಾನ ಹತ್ತುತ್ತಿದ್ದ, ತಂಡದ ಕೋಟು ತೊಟ್ಟು ಫೋಟೋದ ಎಡತುದಿಯಲ್ಲಿ ನಿಲ್ಲುತ್ತಿದ್ದ, ಪಂದ್ಯಕ್ಕೆ ಮುಂಚೆ ಎಲ್ಲರಂತೆ ಸ್ಕೇಟು ಕಟ್ಟಿಕೊಳ್ಳುತ್ತಿದ್ದ. ಆಡುವುದೊಂದನ್ನು ಬಿಟ್ಟು ಆಟಗಾರ ಮಾಡಬೇಕಾದ್ದನ್ನೆಲ್ಲ ಮಾಡುತ್ತಿದ್ದ.

ಅವನು ಎರಡನೇ ಗೋಲ್‌ಕೀಪರ್. ಐಸ್ ಹಾಕಿಯಲ್ಲಿ ಪ್ರತಿ ತಂಡವೂ ಇಬ್ಬರು ಕೀಪರುಗಳನ್ನು ಕರೆದುಕೊಂಡೇ ಬರಬೇಕು. ಒಬ್ಬನ ಕಾಲು ಮುರಿದರೆ ಇನ್ನೊಬ್ಬ ಇರಲಿ ಅಂತ. ಬಾಗಿಲಣ್ಣ ತಂಡ ಸೇರಿದಾಗ ಅವನಿಗೆ ತಲೆತುಂಬ ಕೂದಲಿತ್ತು. ಈಗ ಹೆಲ್ಮೆಟ್ ಹಾಕಿಕೊಂಡಾಗಷ್ಟೇ ತಲೆ ಬೆಚ್ಚಗಿರುತ್ತದೆ. ಇಷ್ಟು ವರ್ಷಗಳಲ್ಲಿ ಮೊದಲನೇ ಕೀಪರುಗಳು ಬಂದರು, ಹೋದರು, ಒಬ್ಬರ ಕಾಲೂ ಮುರಿಯಲಿಲ್ಲ. ಮುರಿಯಲಿ ಎಂದು ಹಾರೈಸುವಷ್ಟು ಕೆಟ್ಟವನಲ್ಲ ಅವನು. ಉಳುಕಿದರೆ ಸಾಕು ಎಂದು ಒಂದೆರಡು ಸಲ ಅಂದುಕೊಂಡದ್ದುಂಟು.

ತಂಡ ಆಡುತ್ತಿದ್ದುದು ಕಟ್ಟಕಡೆಯ ಡಿವಿಜನ್ನಿನಲ್ಲಿ. ಮೇಲಿನ ಡಿವಿಜನ್ನುಗಳಲ್ಲಿ ಸೋತವರಿಗೆ ಕೆಳಗೆ ಬೀಳುವ ಭಯವಿರುತ್ತದಂತೆ. ಇವರಿಗೆ ಆ ಚಿಂತೆಯಿಲ್ಲ. ಕೆಳಗೆ ಇನ್ನೊಂದು ಡಿವಿಜನ್ ಇರಲಿಲ್ಲ. ವರ್ಷಕ್ಕೊಮ್ಮೆ ನಾಲ್ಕಾರು ದೇಶಗಳ ಗುಮಾಸ್ತರು, ಬಡಗಿಗಳು, ಹಲ್ಲಿನ ಡಾಕ್ಟರುಗಳು, ಲಾರಿ ಚಾಲಕರು ರಜೆ ಹಾಕಿ ಎಲ್ಲೋ ಒಂದು ಊರಿನ ರಿಂಕಿನಲ್ಲಿ, ಅಂದರೆ ಐಸಿನ ಅಂಗಳದಲ್ಲಿ, ಸೇರುತ್ತಾರೆ. ಬಾವುಟ ಏರುತ್ತದೆ, ರಾಷ್ಟ್ರಗೀತೆ ಮೊಳಗುತ್ತದೆ, ಎದೆಯ ಮೇಲೆ ದೇಶದ ಲಾಂಛನ ಮಿಂಚುತ್ತದೆ. ಆಮೇಲೆ ಆಟ ಶುರುವಾಗಿ ಎಲ್ಲ ಹಾಳಾಗುತ್ತದೆ.

ಅವನಿಗೆ ಆ ಅಡ್ಡಹೆಸರು ಬಂದದ್ದು ಮಾಡುವ ಕೆಲಸದಿಂದ. ಐಸಿನ ಸುತ್ತ ಎದೆಮಟ್ಟದ ಹಲಗೆಗೋಡೆಯಿರುತ್ತದೆ. ಅದರ ಹಿಂದೆ ಆಟಗಾರರು ಕೂರುವ ಬೆಂಚು, ಗೋಡೆಗೊಂದು ಸಣ್ಣ ಬಾಗಿಲು. ಈ ಆಟದಲ್ಲಿ ಯಾರಿಗೂ ಹೆಚ್ಚು ಹೊತ್ತು ದಮ್ಮಿರುವುದಿಲ್ಲ. ಒಂದು ಗುಂಪು ಏದುಸಿರು ಬಿಡುತ್ತ ಒಳಗೆ ಬರುತ್ತದೆ, ಇನ್ನೊಂದು ಹೊರಗೆ ನುಗ್ಗುತ್ತದೆ, ಅಷ್ಟರಲ್ಲಿ ಆಟ ನಿಲ್ಲುವುದೂ ಇಲ್ಲ. ಆ ಬಾಗಿಲನ್ನು ಸರಿಯಾದ ಗಳಿಗೆಗೆ ತೆಗೆದು ಮುಚ್ಚಲು ಒಬ್ಬ ಬೇಕು. ಬೇರೆ ಕೆಲಸವಿಲ್ಲದವನು ಯಾರು? ಎರಡನೇ ಕೀಪರ್. ಹೀಗೆ ಬಾಗಿಲ ಪಕ್ಕ ಕೂತು ಕೂತು ಅವನು ಅದರಲ್ಲಿ ಎತ್ತಿದ ಕೈಯಾದ. ಯಾವ ದೇಶದ ರಿಂಕಿಗೆ ಹೋದರೂ ಉಳಿದವರು ಐಸು ಹೇಗಿದೆ ಎಂದು ನೋಡುತ್ತಿದ್ದರೆ ಇವನು ಬಾಗಿಲ ಚಿಲಕ ಅಲ್ಲಾಡಿಸಿ ನೋಡುತ್ತಿದ್ದ. ಜೇಬಿನಲ್ಲಿ ಒಂದು ಪುಟ್ಟ ಎಣ್ಣೆ ಶೀಸೆ ಸದಾ ಇರುತ್ತಿತ್ತು. ದೂರದಿಂದ ಬರುವವನ ಭುಜ ಬಾಗಿದ್ದು ನೋಡಿಯೇ ಇವನಿಗೆ ದಮ್ಮು ಮುಗಿಯಿತೆಂದು ತಿಳಿದು ಕೈ ತಾನಾಗಿಯೇ ಚಿಲಕಕ್ಕೆ ಹೋಗುತ್ತಿತ್ತು.

ಹೊಟ್ಟೆಪಾಡಿಗೆ ಅವನು ಹಾಸಿಗೆ ಅಂಗಡಿಯಲ್ಲಿದ್ದ. ಉದ್ದನೆಯ ಕೋಣೆ, ಸಾಲಾಗಿ ಪ್ಲಾಸ್ಟಿಕ್ ಹೊದ್ದ ಹಾಸಿಗೆಗಳು. ಗಿರಾಕಿಗಳು ಚಪ್ಪಲಿ ಬಿಟ್ಟು ಮಲಗುತ್ತಾರೆ. ಇವನು ತಲೆದೆಸೆಯಲ್ಲಿ ನಿಂತು, "ಎಡಕ್ಕೆ ಹೊರಳಿ. ಈಗ ಬಲಕ್ಕೆ. ಸೊಂಟ ಏನನ್ನುತ್ತೆ?" ಎಂದು ಕೇಳುತ್ತಾನೆ. ಹೆಂಡತಿ ಚೌಕಾಸಿ ಮಾಡುವಷ್ಟರಲ್ಲಿ ಗಂಡ ಮೂರನೇ ಹಾಸಿಗೆಯ ಮೇಲೆ ಗೊರಕೆ ಹೊಡೆಯುತ್ತಿರುತ್ತಾನೆ. ಅಂಗಡಿ ಯಜಮಾನರು ಒಮ್ಮೆ ಅಭಿಮಾನ ತಡೆಯಲಾರದೆ ಗಾಜಿನ ಮೇಲೆ ದೊಡ್ಡದಾಗಿ ಬರೆಸಿದ್ದರು: "ದೇಶದ ಗೋಲ್‌ಕೀಪರ್ ಮಲಗುವುದು ನಮ್ಮ ಹಾಸಿಗೆಯ ಮೇಲೆ."

"ಮಲಗಿಬಿಟ್ರೆ ಗೋಲ್ ಯಾರ್ರೀ ಕಾಯೋದು?" ಎಂದು ಗಿರಾಕಿಯೊಬ್ಬ ಕೇಳಿದ.

"ಅದಕ್ಕೆ ಬೇರೆಯವರಿದ್ದಾರೆ ಸ್ವಾಮಿ. ನನ್ನನ್ನ ಇಟ್ಕೊಂಡಿರೋದೇ ಮಲಗೋಕೆ" ಎಂದ ಬಾಗಿಲಣ್ಣ. ಹಾಸಿಗೆ ಮಾರಾಟವಾಯಿತು. ತನ್ನನ್ನು ತಾನೇ ಹೀಗೆ ಮೊದಲು ಲೇವಡಿ ಮಾಡಿಕೊಂಡುಬಿಟ್ಟರೆ ಬೇರೆಯವರಿಗೆ ಬಾಯಿ ಹಾಕಲು ಜಾಗವಿರುವುದಿಲ್ಲ ಎಂಬುದು ಅವನು ಬೆಂಚಿನ ಮೇಲೆ ಕೂತು ಕಂಡುಕೊಂಡ ತತ್ವ. ಅದು ಎಲ್ಲೆಡೆ ನಡೆಯುತ್ತಿತ್ತು, ಮನೆಯೊಂದನ್ನು ಬಿಟ್ಟು. ಮನೆಯಲ್ಲಿ ಅತ್ತೆಯಿದ್ದರು.

ಅತ್ತೆ ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಅಳಿಯನನ್ನು ಬಹುವಚನ ಬಿಟ್ಟು ಮಾತಾಡಿಸಿದ್ದಿಲ್ಲ. ಬಹುವಚನದಲ್ಲೇ ಎಲ್ಲ ಮುಗಿಸುತ್ತಿದ್ದರು. ಅವನ ಕಾಲಿನ ಪ್ಯಾಡುಗಳು ಒಂದೊಂದೂ ಕೂಸಿನ ತೊಟ್ಟಿಲಷ್ಟು ದೊಡ್ಡವು. ಅವು ಬಾಲ್ಕನಿಯಲ್ಲಿ ಒಣಗುತ್ತಿದ್ದರೆ ಅತ್ತೆ ಮೂಗಿಗೆ ಸೆರಗು ಹಿಡಿದು ಬರುತ್ತಿದ್ದರು.

"ಅಳಿಯಂದ್ರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಅಲ್ಲಿ ಕೂತೇ ಇರ್ತೀರಲ್ವಾ?"

"ಹೌದು ಅತ್ತೆ."

"ಮತ್ತೆ ಬೆವರು ಯಾರದ್ದು?"

ಅವನ ಹೆಂಡತಿ ಒಳಗಿನಿಂದ, "ಅಮ್ಮಾ, ಸಾಕು ಬಿಡು" ಎನ್ನುತ್ತಿದ್ದಳು. ಎನ್ನುವಾಗ ಅವಳ ದನಿಯಲ್ಲೂ ನಗು ಇರುತ್ತಿತ್ತು. ಹನ್ನೆರಡು ತುಂಬಿದ ಮಗಳು ಮಾತ್ರ ನಗುತ್ತಿರಲಿಲ್ಲ. ಅಪ್ಪ ಏನು ಮಾಡುತ್ತಾರೆಂದು ಶಾಲೆಯಲ್ಲಿ ಕೇಳಿದರೆ, "ಹಾಸಿಗೆ ಅಂಗಡಿ" ಎಂದಷ್ಟೇ ಹೇಳುತ್ತಿದ್ದಳು. ಅದು ಬಾಗಿಲಣ್ಣನಿಗೆ ಅತ್ತೆಯ ಮಾತಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಈ ವರ್ಷದ ಟೂರ್ನಮೆಂಟು ಅವರ ಊರಿಗೇ ಬಂತು. ಊರಿಗಿದ್ದದ್ದು ಒಂದೇ ರಿಂಕು. ಮಳಿಗೆಗಳ ಸಾಲಿನ ಹಿಂದೆ ತಗಡಿನ ಛಾವಣಿಯ ಕಟ್ಟಡ, ಒಳಗೆ ಸದಾ ಗುಂಯ್‌ಗುಡುವ ತಂಪು ಯಂತ್ರ, ಪಕ್ಕದಲ್ಲಿ ಗಾಡಿ ನಿಲ್ಲಿಸುವ ಜಾಗ. ಮನೆಯವರು ಮೊದಲ ಬಾರಿಗೆ ನೋಡಲು ಬರುವವರಿದ್ದರು. ಬಾಗಿಲಣ್ಣನಿಗೆ ಇದೇ ಕೊನೆಯ ಬಾರಿ ಎಂದೂ ಗೊತ್ತಾಗಿತ್ತು. ತಂಡದ ಕೋಚು ಶಾಲೆಯೊಂದರ ಡ್ರಿಲ್ ಮೇಷ್ಟ್ರು. ಅವರು ಅಭ್ಯಾಸದ ದಿನ ಅವನನ್ನು ಬದಿಗೆ ಕರೆದು, "ಮುಂದಿನ ವರ್ಷ ಕಾಲೇಜಿನ ಕೀಪರ್ ಒಬ್ಬನನ್ನ ತಗೋಬೇಕು ಅಂತಿದ್ದೀನಿ. ನಿಮ್ಮ ಮೊಣಕಾಲಿಗೂ ರೆಸ್ಟ್ ಸಿಗುತ್ತೆ" ಎಂದಿದ್ದರು.

"ನನ್ನ ಮೊಣಕಾಲಿಗೆ ರೆಸ್ಟಿನಿಂದಲೇ ನೋವು ಬಂದಿರೋದು ಮೇಷ್ಟ್ರೇ" ಎಂದ ಬಾಗಿಲಣ್ಣ. ಮೇಷ್ಟ್ರು ನಕ್ಕರು. ಅವನು ನಗಲಿಲ್ಲ. ತನ್ನ ಮಾತಿಗೆ ತಾನು ನಗದೇ ಇದ್ದದ್ದು ಬಹುಶಃ ಅದೇ ಮೊದಲು.

"ಒಂದೇ ಒಂದು ಸಲ ಇಳಿಸಿ. ಎಷ್ಟು ಹೊತ್ತಾದರೂ ಸರಿ. ಮನೆಯವರೆಲ್ಲ ಬರ್ತಿದ್ದಾರೆ."

ಮೇಷ್ಟ್ರು ಕೊರಳಲ್ಲಿದ್ದ ಸೀಟಿ ತಿರುವುತ್ತ ಯೋಚಿಸಿದರು. "ನಾಲ್ಕು ಗೋಲಿನಿಂದ ನಾವು ಮುಂದಿದ್ರೆ ಇಳಿಸ್ತೀನಿ. ಮಾತು ಅಂದ್ರೆ ಮಾತು."

ಇದನ್ನು ಅವರು ಧಾರಾಳವಾಗಿ ಹೇಳಿದ್ದರು, ಏಕೆಂದರೆ ತಂಡ ನಾಲ್ಕು ಗೋಲಿನಿಂದ ಮುಂದಿದ್ದದ್ದನ್ನು ಕಂಡವರು ಯಾರೂ ಬದುಕಿರಲಿಲ್ಲ.

ಮೊದಲ ಪಂದ್ಯಗಳಲ್ಲಿ ಎಂದಿನಂತೆ ಸೋತರು. ಮನೆಯವರು ಕೊನೆಯ ದಿನದ ಪಂದ್ಯಕ್ಕೆ ಬಂದರು. ಅವತ್ತಿನ ಎದುರಾಳಿಗಳು ಇವರ ಹಾಗೆಯೇ ಒಂದೂ ಗೆಲ್ಲದವರು. ಜೊತೆಗೆ ಅವರಿಗೊಂದು ಫಜೀತಿಯಾಗಿತ್ತು. ಅವರ ತಂಡದ ಅರ್ಧ ಜನ ರಜೆ ಮುಗಿಯಿತೆಂದು ಬೆಳಗಿನ ವಿಮಾನಕ್ಕೆ ಊರಿಗೆ ಹೊರಟುಹೋಗಿದ್ದರು. ಉಳಿದವರು ಒಂದೇ ಗುಂಪಾಗಿ ಹೆಚ್ಚುಕಡಿಮೆ ಬಿಡುವಿಲ್ಲದೆ ಆಡಬೇಕಾಗಿತ್ತು. ಸುದ್ದಿ ತಿಳಿದ ಬಾಗಿಲಣ್ಣ ಬಟ್ಟೆ ಬದಲಿಸುವ ಕೋಣೆಯಲ್ಲಿ ಪ್ಯಾಡು ಕಟ್ಟಿಕೊಳ್ಳುತ್ತ, ದೇಶ ದೇಶಗಳ ಕಚೇರಿಗಳಲ್ಲಿ ರಜೆ ಮಂಜೂರು ಮಾಡದ ಮೇಲಧಿಕಾರಿಗಳನ್ನೆಲ್ಲ ಮನಸ್ಸಿನಲ್ಲೇ ಹರಸಿದ.

ಬೆಂಚಿಗೆ ಬಂದು ನೋಡಿದರೆ ಎದುರಿನ ಗ್ಯಾಲರಿಯಲ್ಲಿ ಮೂವರೂ ಕೂತಿದ್ದರು. ಅತ್ತೆ ಮನೆಯ ರಗ್ಗನ್ನೇ ಹೊದ್ದು ಬಂದಿದ್ದರು, ತೊಡೆಯ ಮೇಲೆ ಫ್ಲಾಸ್ಕು. ಬಾಗಿಲಣ್ಣ ಕೈ ಬೀಸಿದ. ಅತ್ತೆ ಫ್ಲಾಸ್ಕಿನ ಮುಚ್ಚಳ ಬೀಸಿದರು.

ಆಟ ಶುರುವಾಯಿತು. ಆ ರಿಂಕಿನ ಬಾಗಿಲು ಹಳೆಯದು, ಕೀಲು ಜಗ್ಗಿ ಜೋತುಬಿದ್ದದ್ದು. ಅದನ್ನು ತುಸು ಮೇಲಕ್ಕೆ ಎತ್ತಿ, ಮೊಣಕಾಲಿನಿಂದ ಒತ್ತಿ, ಆಮೇಲೆ ಚಿಲಕ ಎಳೆಯಬೇಕು. ಬಾಗಿಲಣ್ಣನಿಗೆ ಅದು ನೀರು ಕುಡಿದಷ್ಟು ಸಲೀಸು. ಅವತ್ತಂತೂ ಅವನು ಬಾಗಿಲು ತೆಗೆದ ರಭಸಕ್ಕೆ ಆಟಗಾರರು ಐಸಿಗೆ ಇಳಿಯುತ್ತಿರಲಿಲ್ಲ, ಹಾರುತ್ತಿದ್ದರು. ಮೊದಲ ಅವಧಿ ಮುಗಿದಾಗ ಎರಡು ಸೊನ್ನೆ. ಎರಡನೆಯದು ಮುಗಿದಾಗ ನಾಲ್ಕು ಒಂದು. ಒಂದೇ ಒಂದು ಗೋಲು ಬೇಕಿತ್ತು. ತಂಡದ ಬೇರೆಲ್ಲರೂ ಗೆಲುವಿಗಾಗಿ ಆಡುತ್ತಿದ್ದರೆ ಬೆಂಚಿನ ತುದಿಯಲ್ಲಿ ಒಬ್ಬ ವ್ಯತ್ಯಾಸಕ್ಕಾಗಿ ಪ್ರಾರ್ಥಿಸುತ್ತಿದ್ದ.

ಕೊನೆಯದಾದ ಮೂರನೇ ಅವಧಿಯಲ್ಲಿ ನಾಯಕ ಆ ಗೋಲನ್ನೂ ಹೊಡೆದ. ನಾಯಕ ಬಸ್ ಕಂಡಕ್ಟರ್. ಎಲ್ಲರೂ ಕಂಡಕ್ಟರ್ ಎಂದೇ ಕರೆಯುತ್ತಿದ್ದರು. ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳಿಸುವಂತೆ ಕೂಗಿ ಕೂಗಿ ಪಳಗಿದ ಗಂಟಲು ಅವನದು. ಐದು ಒಂದು. ಎಲ್ಲರೂ ಕುಣಿದಾಡಿದರು. ಬಾಗಿಲಣ್ಣ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಛಾವಣಿ ನೋಡಿದರು.

"ಮೇಷ್ಟ್ರೇ, ನಾಲ್ಕಾಯ್ತು."

"ಏನು ನಾಲ್ಕು?"

"ಐದರಲ್ಲಿ ಒಂದು ಕಳೆದ್ರೆ."

ಕಂಡಕ್ಟರ್ ನೀರಿನ ಬಾಟಲಿ ಕೆಳಗಿಟ್ಟು, "ಕೊಟ್ಟ ಮಾತು ಮೇಷ್ಟ್ರೇ, ನಾನೂ ಕೇಳಿಸ್ಕೊಂಡಿದ್ದೀನಿ. ಇಳಿಸಿ" ಎಂದ. ಮೇಷ್ಟ್ರು ಉಸಿರು ಬಿಟ್ಟು, ಗೋಲಿನಲ್ಲಿದ್ದ ಮೊದಲನೇ ಕೀಪರನ್ನು ಕರೆದರು. ಅವನು ಔಷಧಿ ಅಂಗಡಿಯವನು, ತಂಡದಲ್ಲಿ ಅವನ ಹೆಸರು ಫಾರ್ಮಸಿ. ಟೂರ್ನಮೆಂಟಿನ ಶ್ರೇಷ್ಠ ಕೀಪರ್ ಬಹುಮಾನದ ಮೇಲೆ ಅವನಿಗೆ ಕಣ್ಣಿತ್ತು. ಅದಕ್ಕಾಗಿ ತಡೆದದ್ದೆಷ್ಟು, ಬಿಟ್ಟದ್ದೆಷ್ಟು ಎಂದು ಶೇಕಡಾವಾರು ಲೆಕ್ಕ ಹಾಕುತ್ತಿದ್ದ.

"ಯಾಕೆ? ನನಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ" ಎಂದ ಫಾರ್ಮಸಿ.

"ಅದೇ ಸಮಸ್ಯೆ ಆಗಿರೋದು ಇಷ್ಟು ವರ್ಷ" ಎಂದ ಬಾಗಿಲಣ್ಣ ಎದ್ದು ನಿಂತು.

ಎದ್ದು ನಿಂತ ಕೂಡಲೇ ಅವನಿಗೆ ಶೌಚಾಲಯಕ್ಕೆ ಹೋಗಬೇಕೆನ್ನಿಸಿತು. ಇಷ್ಟು ವರ್ಷ ಕಾದ ಗಳಿಗೆ ಬಂದಾಗ ಮನುಷ್ಯನ ಮನಸ್ಸಿನಲ್ಲಿ ಏನೇನೋ ಉದಾತ್ತ ವಿಚಾರ ಮೂಡಬೇಕು. ಅವನಿಗೆ ಮೂಡಿದ್ದು ಇದು. ಆದರೂ ಗಂಭೀರ ಮುಖ ಮಾಡಿಕೊಂಡು ಗೋಲಿನವರೆಗೆ ಜಾರಿದ. ಕೀಪರುಗಳು ಮಾಡುವಂತೆ ಸ್ಟಿಕ್ಕಿನಿಂದ ಎಡಗಂಬಕ್ಕೊಮ್ಮೆ ಬಲಗಂಬಕ್ಕೊಮ್ಮೆ ಟಕ್ ಟಕ್ ಎಂದು ಬಡಿದ. ಇದನ್ನು ಅವನು ಮನೆಯಲ್ಲಿ ಫ್ರಿಜ್ಜಿಗೂ ಬೀರುವಿಗೂ ನಡುವೆ ನಿಂತು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ. ಅಷ್ಟು ಚೆನ್ನಾಗಿ ಬಡಿಯುವ ಕೀಪರ್ ಯಾವ ಡಿವಿಜನ್ನಿನಲ್ಲೂ ಇರಲಾರ.

ಗ್ಯಾಲರಿಯಲ್ಲಿ ಹೆಂಡತಿ ಎದ್ದು ನಿಂತಳು. ಮಗಳು ಫೋನು ಎತ್ತಿ ಹಿಡಿದಳು. ಧ್ವನಿವರ್ಧಕದಲ್ಲಿ ಅವನ ಹೆಸರು ಹೇಳಿದರು. ಹೇಳಿದವರ ನಾಲಿಗೆ ಅಭ್ಯಾಸವಿಲ್ಲದೆ ಎರಡು ಸಲ ತಡವರಿಸಿತು.

ಮೊದಮೊದಲು ಏನೂ ಆಗಲಿಲ್ಲ. ಪಕ್ ಎನ್ನುವ ಆ ಕಪ್ಪು ರಬ್ಬರಿನ ಬಿಲ್ಲೆ ಅತ್ತ ಕಡೆಯಲ್ಲೇ ಓಡಾಡುತ್ತಿತ್ತು. ಬಾಗಿಲಣ್ಣ ಬಾಗಿ, ಕಣ್ಣು ಕಿರಿದು ಮಾಡಿ, ಬಹಳ ತೀಕ್ಷ್ಣವಾಗಿ ಖಾಲಿ ಐಸನ್ನು ನೋಡುತ್ತ ನಿಂತ. ತಾನು ಚೆನ್ನಾಗಿಯೇ ಆಡುತ್ತಿದ್ದೇನೆ ಅನ್ನಿಸಿತು. ಇಷ್ಟಕ್ಕೆ ಇಷ್ಟು ವರ್ಷ ಹೆದರಿದೆನಲ್ಲ ಅನ್ನಿಸಿತು. ಫಾರ್ಮಸಿ ಏನು ದೊಡ್ಡ ಕೆಲಸ ಮಾಡುತ್ತಿದ್ದ ಎಂದೂ ಅನ್ನಿಸಿತು.

ಅತ್ತ ಬೆಂಚಿನಲ್ಲಿ ಫಾರ್ಮಸಿ ಬಾಗಿಲ ಪಕ್ಕ ಕೂತಿದ್ದ. ಅವನು ಜನ್ಮದಲ್ಲಿ ಆ ಬಾಗಿಲು ಮುಟ್ಟಿದವನಲ್ಲ. ಐವರು ಆಟಗಾರರು ಸುಸ್ತಾಗಿ ಬೆಂಚಿನತ್ತ ಬಂದರು. ಫಾರ್ಮಸಿ ಚಿಲಕ ಎಳೆದ. ಬಾಗಿಲು ಕದಲಲಿಲ್ಲ. ಎರಡೂ ಕೈಯಲ್ಲಿ ಎಳೆದ. ಹೊರಗಿನವರು ಒಬ್ಬರ ಬೆನ್ನಿಗೊಬ್ಬರು ಬಂದು ಬಾಗಿಲಿಗೆ ಒರಗಿದರು. ಗೋಡೆ ಹಾರುವ ವಯಸ್ಸು ಅವರಲ್ಲಿ ಯಾರಿಗೂ ಉಳಿದಿರಲಿಲ್ಲ. ಒಳಗಿನಿಂದ ಹೋಗಬೇಕಾದವರು ಒಳಗೆ, ಹೊರಗಿನಿಂದ ಬರಬೇಕಾದವರು ಹೊರಗೆ. ಸಂಜೆ ಹೊತ್ತಿನ ಬಸ್ಸಿನ ಸ್ಥಿತಿ. ಇಂಥ ಸ್ಥಿತಿಯಲ್ಲಿ ಕಂಡಕ್ಟರ್ ಏನು ಮಾಡಬೇಕೋ ಅದನ್ನೇ ಮಾಡಿದ. ಗಂಟಲು ತೆರೆದು, ಪ್ರತಿ ಪಂದ್ಯದಲ್ಲೂ ಕೂಗುತ್ತಿದ್ದುದನ್ನೇ ಕೂಗಿದ:

"ಬಾಗಿಲಣ್ಣಾ, ಬಾಗಿಲು!"

ಬಾಗಿಲಣ್ಣ ಹೋದ.

ಯೋಚಿಸಿ ಹೋದದ್ದಲ್ಲ. ಯೋಚನೆ ಮಾಡಿದ್ದರೆ ನಾನು ಗೋಲಿನಲ್ಲಿದ್ದೇನೆ, ಬೆಂಚಿನಲ್ಲಿಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಆ ಕೂಗು ಕಿವಿಯಿಂದ ನೇರ ಕಾಲಿಗೆ ಇಳಿಯಿತು. ಮೂರನೇ ಅವಧಿಯಲ್ಲಿ ತಂಡದ ಗೋಲು ಬೆಂಚಿಗೆ ಹತ್ತಿರದ ಕಡೆಯೇ ಇರುತ್ತದೆ. ನಾಲ್ಕು ಜಾರಿಗೆ ಬಾಗಿಲಿನ ಬಳಿಯಿದ್ದ. "ಸರೀರಿ, ಸರೀರಿ" ಎಂದು ಎಲ್ಲರನ್ನೂ ಬದಿಗೆ ತಳ್ಳಿ, ಬಾಗಿಲನ್ನು ತುಸು ಮೇಲಕ್ಕೆ ಎತ್ತಿ, ಮೊಣಕಾಲಿನಿಂದ ಒತ್ತಿ, ಗೋಡೆಯ ಮೇಲಿಂದ ಕೈ ಹಾಕಿ ಚಿಲಕ ಎಳೆದ. ಬಾಗಿಲು ಬೆಣ್ಣೆಯಂತೆ ತೆರೆಯಿತು. ಐವರು ಒಳಗೆ ಹೋದರು, ಐವರು ಹೊರಗೆ ಬಂದರು, ಒಬ್ಬರ ಭುಜಕ್ಕೊಬ್ಬರು ತಾಗಲಿಲ್ಲ. ಇಡೀ ಟೂರ್ನಮೆಂಟಿನಲ್ಲಿ ಅಷ್ಟು ಚೊಕ್ಕಟವಾಗಿ ಆಟಗಾರರು ಬದಲಾದದ್ದು ಇನ್ನೊಮ್ಮೆ ನಡೆದಿರಲಿಲ್ಲ.

"ಇಷ್ಟೇ ನೋಡು" ಎಂದ ಬಾಗಿಲಣ್ಣ ಫಾರ್ಮಸಿಗೆ, ಕರುಣೆಯಿಂದ.

ಫಾರ್ಮಸಿ ಅವನನ್ನು ನೋಡಲಿಲ್ಲ. ಅವನ ಹೆಗಲಾಚೆ ಏನನ್ನೋ ನೋಡುತ್ತಿದ್ದ. ಬಾಗಿಲಣ್ಣನೂ ತಿರುಗಿದ.

ಎದುರಾಳಿಗಳ ಹಿಂಬದಿಯ ಆಟಗಾರನೊಬ್ಬ, ಹೊಟ್ಟೆ ಬಂದ ಮನುಷ್ಯ, ಅವನೂ ದಮ್ಮು ಕಟ್ಟಿ ಸುಸ್ತಾಗಿದ್ದ. ಪಕ್ಕನ್ನು ಎತ್ತಲೋ ಎಸೆದು ತನ್ನ ಬೆಂಚಿಗೆ ಹೋಗಿ ಕೂತರೆ ಸಾಕಾಗಿತ್ತು ಅವನಿಗೆ. ಎಸೆದ, ಹೋದ, ತಿರುಗಿಯೂ ನೋಡಲಿಲ್ಲ. ಪಕ್ಕು ತನ್ನ ಪಾಡಿಗೆ ತಾನು ಐಸಿನ ಉದ್ದಕ್ಕೂ ಜಾರುತ್ತ ಬರುತ್ತಿತ್ತು. ರಭಸವೇನಿಲ್ಲ. ಊಟವಾದ ಮೇಲೆ ಅಡ್ಡಾಡಲು ಹೊರಟವರ ಹಾಗೆ ಬಂತು. ಬಾಗಿಲಣ್ಣ ಓಡಿದ. ಅಷ್ಟು ದೊಡ್ಡ ಪ್ಯಾಡು ಕಟ್ಟಿಕೊಂಡು ಓಡುವುದೆಂದರೆ ಕನಸಿನಲ್ಲಿ ಓಡಿದಂತೆ. ಅವನು ಮಲಗಿ ಕೈ ಚಾಚುವಷ್ಟರಲ್ಲಿ ಪಕ್ಕು ಗೆರೆ ದಾಟಿ, ಬಲೆಯ ಹಿಂಬದಿಗೆ ಹೋಗಿ, ಒರಗಿ ಕೂತಿತು.

ರಿಂಕಿನಲ್ಲಿ ನಗು ಶುರುವಾಯಿತು. ಗ್ಯಾಲರಿ ನಕ್ಕಿತು, ಎದುರಾಳಿಗಳು ನಕ್ಕರು, ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡೇ ನಕ್ಕದ್ದರಿಂದ ಸೀಟಿಯೂ ನಕ್ಕಿತು. ಗೋಲು ಹೊಡೆದವನು ತನ್ನ ಬೆಂಚಿನಲ್ಲಿ ನೀರು ಕುಡಿಯುತ್ತಿದ್ದ. ನೀನೇ ಹೊಡೆದದ್ದು ಎಂದು ಬೆನ್ನು ತಟ್ಟಿ ಹೇಳಿದಾಗ ಅವನು ನಂಬಲಿಲ್ಲ.

ಬಾಗಿಲಣ್ಣ ಮಂಡಿಯೂರಿ ಎದ್ದ. ಮುಖ ಹೆಲ್ಮೆಟ್ಟಿನೊಳಗಿದ್ದದ್ದು ಪುಣ್ಯ. ಎಂದಿನ ತತ್ವದಂತೆ ಈಗ ತಾನೇ ಒಂದು ಚಟಾಕಿ ಹಾರಿಸಿ ಕೈ ತೊಳೆದುಕೊಳ್ಳಬೇಕಿತ್ತು. ಹಾರಿಸದೆಯೇ ಬೆಂಚಿನ ಕಡೆ ಜಾರಿ ಹೋದ.

ಮೇಷ್ಟ್ರು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದರು. "ಬಾಗಿಲಣ್ಣ, ಕೀಪರ್ ಅಂದಮೇಲೆ ಗೋಲಿನ ಆಸುಪಾಸಿನಲ್ಲಾದರೂ ಇರಬೇಕು ಕಣ್ರೀ."

"ಕಂಡಕ್ಟರ್ ಕರೆದ."

"ಕಂಡಕ್ಟರ್ ಕರೆದರೆ ಬಸ್ಸು ಹತ್ತಿಬಿಡ್ತೀರಾ? ಬನ್ನಿ ಒಳಗೆ. ನಾಲ್ಕು ಅಂತ ಮಾತಾಗಿತ್ತು, ಈಗ ಮೂರೇ ಉಳಿದಿರೋದು. ಫಾರ್ಮಸಿ, ಹೋಗಪ್ಪ."

ಲೆಕ್ಕ ಸರಿಯಾಗಿಯೇ ಇತ್ತು. ಫಾರ್ಮಸಿ ಆಗಲೇ ಹೆಲ್ಮೆಟ್ ಏರಿಸಿ, ಬಾಗಿಲ ಬಳಿ ಬಂದು ನಿಂತಿದ್ದ. ಬಾಗಿಲು ಇನ್ನೂ ತೆರೆದೇ ಇತ್ತು, ಅದರ ಮೇಲೆ ಬಾಗಿಲಣ್ಣನ ಕೈಯಿತ್ತು. ಇಷ್ಟು ವರ್ಷ ಅವನು ಆ ಜಾಗದಲ್ಲಿ ನಿಂತು ಮಾಡಿದ್ದು ಒಂದೇ. ಬಂದವರಿಗೆ ದಾರಿ ಬಿಡುವುದು. ಈಗಲೂ ಕಾಲು ತಾನಾಗಿಯೇ ಪಕ್ಕಕ್ಕೆ ಸರಿಯಿತು. ಸರಿದ ಕಾಲನ್ನು ಅವನು ಮತ್ತೆ ತಂದು ಅಲ್ಲೇ ಊರಿದ.

"ಸರೀರಿ ಸ್ವಲ್ಪ" ಎಂದ ಫಾರ್ಮಸಿ.

"ಇಲ್ಲಪ್ಪ" ಎಂದ ಬಾಗಿಲಣ್ಣ, ಮೆಲ್ಲಗೆ. "ನಾನು ಈಗ ಬಂದುಬಿಟ್ರೆ ಅದೇ ಕೊನೆ. ನಾನು ಆಡಿದ್ದು ಅಂದ್ರೆ ಇದೊಂದೇ ಆಗಿಬಿಡುತ್ತೆ."

ಹಾಗೆಂದವನು ಬಾಗಿಲನ್ನು ತನ್ನ ಕಡೆಗೆ ಧಡಾರನೆ ಎಳೆದು ಮುಚ್ಚಿದ. ಜೋತ ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಂಡು ಕೂತಿತು. ಫಾರ್ಮಸಿ ಚಿಲಕಕ್ಕೆ ಜೋತುಬಿದ್ದ, ಮೇಷ್ಟ್ರು ಫಾರ್ಮಸಿಗೆ ಜೋತುಬಿದ್ದರು, ಬಾಗಿಲು ಅಲುಗಲಿಲ್ಲ. ಬೇರೆಯವರಾದರೆ ಗೋಡೆ ಹತ್ತಿ ಇಳಿಯಬಹುದು. ಕೀಪರನ ಪ್ಯಾಡು ಕಟ್ಟಿಕೊಂಡು ಗೋಡೆ ಹತ್ತುವುದು ಸೋಫಾ ಹೊತ್ತು ಮರ ಹತ್ತಿದಂತೆ. ಫಾರ್ಮಸಿ ಒಂದು ಕಾಲು ಎತ್ತಿ ನೋಡಿ, ಮತ್ತೆ ಇಳಿಸಿದ.

ಅಷ್ಟರಲ್ಲಿ ರೆಫರಿ ಆಟ ಮುಂದುವರಿಸಲು ಐಸಿನ ನಡುವೆ ಕಾಯುತ್ತಿದ್ದ. ಬೆಂಚಿನತ್ತ ನೋಡಿ, ಯಾರು ಕೀಪರ್ ಎಂದು ಕೈಸನ್ನೆಯಲ್ಲಿ ಕೇಳಿದ. ಬಾಗಿಲಣ್ಣ ಶಾಲೆಯಲ್ಲಿ ಹಾಜರಿ ಕೂಗಿದಾಗ ಎತ್ತುವ ಹಾಗೆ ಕೈ ಎತ್ತಿದ. ಎತ್ತಿದ ಕೈ ಇಳಿಸದೆ ಗೋಲಿನವರೆಗೆ ಹೋದ.

ಆಮೇಲಿನದು ಅವನಿಗೆ ಚೂರುಚೂರಾಗಿ ಮಾತ್ರ ನೆನಪಿದೆ. ತಂಡದವರು ಬದಲಾಗಬೇಕೆಂದರೆ ಗೋಡೆ ಹಾರಬೇಕಾಯಿತು. ಹಾರುವುದನ್ನು ಅವತ್ತು ಕಲಿತರು, ಅರ್ಧಂಬರ್ಧ. ಇಬ್ಬರು ಬೆಂಚಿನೊಳಕ್ಕೆ ತಲೆಕೆಳಗಾಗಿ ಬಿದ್ದರು. ಕಂಡಕ್ಟರ್ ಮಾತ್ರ ಒಳಗೆ ಹೋಗುವ ಗೋಜಿಗೇ ಹೋಗದೆ, "ಬಾಗಿಲಣ್ಣಾ, ಅಲ್ಲೇ ಇರಣ್ಣಾ, ಯಾರು ಕರೆದ್ರೂ ಬರಬೇಡ" ಎಂದು ಕೂಗುತ್ತ ಅವನ ಮುಂದೆಯೇ ಅಡ್ಡಾಡುತ್ತಿದ್ದ. ನಕ್ಕು ಹಗುರಾದ ಎದುರಾಳಿಗಳಿಗೆ ಹೊಸ ಹುರುಪು ಬಂದಿತ್ತು. ಖಾಲಿ ಗೋಲಿಗೆ ಹೊಡೆದದ್ದಾಯಿತು, ಇನ್ನು ತುಂಬಿದ ಗೋಲಿಗೂ ಹೊಡೆದು ನೋಡೋಣ ಎಂದು ಎಲ್ಲರೂ ಮುನ್ನುಗ್ಗಿದರು.

ಒಂದು ಪಕ್ಕು ಬದಿಯಿಂದ ಹೋಯಿತು. ಒಂದು ಕಂಬಕ್ಕೆ ತಾಗಿ ಟಂಗ್ ಎಂದಿತು. ಕೊನೆಗೆ ಅವರಲ್ಲಿ ಎಳೆಯವನೊಬ್ಬ, ಉದ್ದ ಕಾಲಿನವನು, ಕಂಡಕ್ಟರನನ್ನು ದಾಟಿ ಒಬ್ಬನೇ ಬಂದ. ಇಬ್ಬರ ನಡುವೆ ಬೇರೆ ಯಾರೂ ಇರಲಿಲ್ಲ. ಆ ಹುಡುಗ ಸ್ಟಿಕ್ಕು ಹಿಂದಕ್ಕೆ ಎತ್ತಿದ್ದು ಕಂಡಿತು. ಎಡಕ್ಕೆ ಹಾರಬೇಕೋ ಬಲಕ್ಕೋ ಎಂದು ಬಾಗಿಲಣ್ಣ ವಿಚಾರ ಮಾಡಿದ. ಎಡ ಅಂದುಕೊಂಡ. ಹಾಗಲ್ಲ, ಬಲ ಅಂದುಕೊಂಡ. ಅವನಿನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ, ಹಾಗಾಗಿ ನಡುವೆಯೇ ನಿಂತಿದ್ದ. ಪಕ್ಕೂ ನಡುವೆಯೇ ಬಂತು. ಹೊಟ್ಟೆಯ ಮೇಲಿನ ಕವಚಕ್ಕೆ ಧಬ್ ಎಂದು ಬಡಿದು, ಅವನು ನೋವಿಗೆ ಮುದುಡಿಕೊಂಡದ್ದರಿಂದ ಅಲ್ಲೇ ಸಿಕ್ಕಿಹಾಕಿಕೊಂಡಿತು. ರೆಫರಿ ಸೀಟಿ ಊದಿದ. ಎಲ್ಲಿ ಪಕ್ಕು ಎಂದು ಎಲ್ಲರೂ ಹುಡುಕಿದರು. ಅದು ಎಲ್ಲಿದೆ ಎಂದು ಬಾಗಿಲಣ್ಣನಿಗೆ ಚೆನ್ನಾಗಿ ಗೊತ್ತಿತ್ತು, ಹೇಳಲು ಉಸಿರಿರಲಿಲ್ಲ.

ಸ್ವಲ್ಪ ಹೊತ್ತಿಗೆ ಕೊನೆಯ ಭೋಂಗಾ ಕೂಗಿತು. ಐದು ಎರಡು. ಗೆದ್ದಿದ್ದರು. ಗೆದ್ದ ತಂಡ ಕೀಪರನ ಮೇಲೆ ಹೋಗಿ ಬೀಳುವುದು ಈ ಆಟದ ರೂಢಿ. ಬಾಗಿಲಣ್ಣ ಅದನ್ನು ಬೇರೆ ತಂಡಗಳಲ್ಲಿ ನೋಡಿದ್ದನೇ ಹೊರತು ಕೆಳಗೆ ಸಿಕ್ಕವನಲ್ಲ. ಅಷ್ಟೊಂದು ಜನ ತನ್ನ ಕಡೆಗೇ ನುಗ್ಗಿ ಬರುವುದನ್ನು ಕಂಡು, ಮತ್ತೇನು ತಪ್ಪು ಮಾಡಿದೆನೋ ಎಂದು ಗಾಬರಿಯಾಗಿ ಅವನು ಗೋಲಿನ ಹಿಂದಕ್ಕೆ ಹೊರಟ. ಕಂಡಕ್ಟರ್ ಹಿಡಿದು ತಂದು ಕೆಡವಿದ.

ಬಾಗಿಲನ್ನು ಆಮೇಲೆ ರಿಂಕಿನ ನೌಕರ ಸುತ್ತಿಗೆ ತಂದು ತೆಗೆದ. ಫಾರ್ಮಸಿ ಹೊರಬಂದವನೇ ಬಾಗಿಲಣ್ಣನ ಕೈ ಕುಲುಕಿ, "ಎರಡಕ್ಕೆ ಒಂದು ತಡೆದಿದ್ದೀರಿ. ಶೇಕಡಾ ಐವತ್ತು" ಎಂದ, ಕಾಯಿಲೆಯವರಿಗೆ ಮಾತ್ರೆ ಕೊಡುವ ದನಿಯಲ್ಲಿ. ಮೇಷ್ಟ್ರಿಗೆ ಗೆದ್ದದ್ದರಿಂದ ಬೈಯುವಂತಿರಲಿಲ್ಲ, ಕಂಡದ್ದರಿಂದ ಹೊಗಳುವಂತಿರಲಿಲ್ಲ. ಸೀಟಿ ತಿರುವುತ್ತ ಒಮ್ಮೆ ತಲೆಯಾಡಿಸಿದರು. ಅದು ಹೌದೋ ಅಲ್ಲವೋ ಎಂದು ಬಾಗಿಲಣ್ಣ ಕೇಳಲು ಹೋಗಲಿಲ್ಲ.

ಮನೆಯವರು ಗಾಡಿ ನಿಲ್ಲಿಸುವ ಜಾಗದ ಬಳಿ ಕಾಯುತ್ತಿದ್ದರು. ಹೆಂಡತಿ ಅವನನ್ನು ಕಂಡದ್ದೇ ಮುಖ ಅತ್ತ ತಿರುಗಿಸಿದಳು. ಭುಜ ಕುಲುಕುತ್ತಿದ್ದುದರಿಂದ ನಗುತ್ತಿದ್ದಾಳೆಂದು ಗೊತ್ತಾಯಿತು.

"ನಗು, ನಗು. ಇಡೀ ಊರೇ ನಕ್ಕಿದೆ, ನೀನೊಬ್ಬಳು ಯಾಕೆ ಕಷ್ಟಪಟ್ಟು ತಡ್ಕೋತೀಯ" ಎಂದ.

"ರೀ, ಅಷ್ಟು ಜನರ ಮುಂದೆ ನೀವು ಬಾಗಿಲು ತೆಗೆಯೋಕೆ ಹೋದ್ರಲ್ರೀ..." ಅವಳಿಗೆ ಮಾತು ಮುಂದುವರಿಯಲಿಲ್ಲ. ಅವನ ಪ್ಯಾಡಿನ ಚೀಲದ ಒಂದು ಹಿಡಿ ಹಿಡಿದು, ಅದರ ಮೇಲೆ ತಲೆಯಿಟ್ಟು ನಕ್ಕಳು. ಅವನಿಗೂ ನಗು ಬಂತು. ನಕ್ಕರೆ ಹೊಟ್ಟೆ ನೋಯುತ್ತಿತ್ತು.

ಮಗಳು ಫೋನಿನಲ್ಲಿ ಏನೋ ನೋಡುತ್ತಿದ್ದಳು. ಬಾಗಿಲಣ್ಣ ಕದ್ದು ಇಣುಕಿದ. ಬಾಗಿಲು ತೆಗೆದದ್ದಲ್ಲ ಅವಳು ನೋಡುತ್ತಿದ್ದದ್ದು. ಉದ್ದ ಕಾಲಿನವನು ಒಬ್ಬನೇ ಬಂದದ್ದು. ಅಷ್ಟನ್ನೇ ಮತ್ತೆ ಮತ್ತೆ ಓಡಿಸುತ್ತಿದ್ದಳು.

"ಅಪ್ಪಾ, ಇವನು ನಡುವಿಗೇ ಹೊಡೀತಾನೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

ಬಾಗಿಲಣ್ಣ ಚೀಲ ಹೆಗಲಿಗೇರಿಸಿದ. ನಿಜ ಹೇಳಲು ಒಂದು ಹೆಜ್ಜೆಯಷ್ಟು ಅವಕಾಶವಿತ್ತು. ಆ ಹೆಜ್ಜೆ ದಾಟಿತು.

"ಅದೊಂದು ಲೆಕ್ಕ ಪುಟ್ಟಿ. ಅವನ ಭುಜ ನೋಡಬೇಕು. ಎಡಕ್ಕೂ ಹೋಗಲ್ಲ, ಬಲಕ್ಕೂ ಹೋಗಲ್ಲ ಅಂತ ಭುಜ ಹೇಳಿಬಿಡುತ್ತೆ. ಆಗ ನಾವು ಕದಲಬಾರದು. ಅದು ಎಲ್ಲರಿಗೂ ಬರಲ್ಲ."

ಮಳಿಗೆಗಳ ಸಾಲು ದಾಟುವಷ್ಟರಲ್ಲಿ ಅವನ ಮಾತಿನಲ್ಲಿ ಪಕ್ಕಿನ ವೇಗ ಹೆಚ್ಚಿತು. ಬಸ್ ನಿಲ್ದಾಣ ಕಾಣುವಷ್ಟರಲ್ಲಿ ಆ ಹುಡುಗ ಮೇಲಿನ ಡಿವಿಜನ್ನಿನಲ್ಲಿ ಆಡಿ ಬಂದವನಾಗಿದ್ದ. ತಾನು ಎಷ್ಟು ಉಬ್ಬಿಸಿ ಹೇಳುತ್ತಿದ್ದೇನೆ ಎಂದು ಬಾಗಿಲಣ್ಣನಿಗೆ ಅರಿವಿತ್ತು. ನಿಲ್ಲಿಸಬೇಕೆಂದೂ ಇತ್ತು. ಮಗಳು ಪಕ್ಕದಲ್ಲಿ ಹೆಜ್ಜೆ ಸೇರಿಸಿ ನಡೆಯುತ್ತ "ಆಮೇಲೆ?" ಎನ್ನುತ್ತಿದ್ದಳು, ಹಾಗಾಗಿ ನಿಲ್ಲಲಿಲ್ಲ. ಅತ್ತೆ ಹಿಂದೆ ರಗ್ಗು ಹೊದ್ದು ಬರುತ್ತಿದ್ದರು. ಅವರ ಚುಚ್ಚುಮಾತು ಯಾವಾಗ ಬರುವುದೋ ಎಂದು ಅವನು ಕಾಯುತ್ತಿದ್ದ.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಮಗಳು, "ಆದ್ರೆ ಅಪ್ಪಾ, ಪಕ್ಕು ಬಂದಾಗ ನೀನು ಕಣ್ಣು ಮುಚ್ಚಿಕೊಂಡಿದ್ದೆ ಅಲ್ವಾ?" ಎಂದಳು.

"ಯಾರು ಹೇಳಿದ್ದು? ಹೆಲ್ಮೆಟ್ಟಿನೊಳಗೆ ಇದ್ದ ಕಣ್ಣು ಅಷ್ಟು ದೂರಕ್ಕೆ ಕಾಣುತ್ತಾ?"

"ಅಜ್ಜಿ ಹೇಳಿದ್ರು."

ಬಾಗಿಲಣ್ಣ ಅತ್ತೆಯ ಕಡೆ ತಿರುಗಿದ, ಬರುವುದನ್ನು ಎದುರಿಸಲು ಸಿದ್ಧನಾಗಿ. ಅತ್ತೆ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸುತ್ತಿದ್ದರು. ಸ್ವಲ್ಪ ರಗ್ಗಿನ ಮೇಲೆ ಚೆಲ್ಲಿತು.

"ನಾನು ಹಾಗಂದಿಲ್ಲ" ಎಂದರು. "ಮುಚ್ಚಿಕೊಂಡಿದ್ದೆ ಅಂದೆ. ನಾನು ಹೇಳಿದ್ದು ನನ್ನ ಕಣ್ಣಿನ ವಿಷಯ, ನೋಡೋಕೆ ಧೈರ್ಯ ಸಾಲದೆ ಮುಚ್ಚಿದ್ದು. ಅಳಿಯಂದ್ರದ್ದು ನನಗೇನು ಗೊತ್ತು." ಮುಚ್ಚಳವನ್ನು ಅವನ ಮುಂದೆ ಹಿಡಿದರು. "ಕುಡೀರಿ. ಆರಿಹೋಗುತ್ತೆ."